ಡಿಸ್ಕಿಗೆ ಸೋಮವಾರದ ರಜೆ

ಒಂದು ಹಾರ್ಡ್ ಡಿಸ್ಕನ್ನು ನಾನು ಮಲಗಿಸಿ ಮಲಗಿಸಿಯೇ ಕೊಂದೆ. ಕೆಳಗೆ ಬೀಳಿಸಲಿಲ್ಲ, ಮೇಲೆ ನೀರು ಚೆಲ್ಲಲಿಲ್ಲ. ಅಯ್ಯೋ ಪಾಪ, ದಣಿದಿರುತ್ತದೆ, ಸ್ವಲ್ಪ ಹೊತ್ತು ಮಲಗಲಿ ಎಂದೆ, ಅಷ್ಟೇ. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ ಬಿಡಿ. ಆಗ ಸಿಂಧನೂರಿನಲ್ಲಿ ನಮಗೆ ಯಂತ್ರವೆಂದರೆ ಏನು ಗೊತ್ತಿತ್ತು? ಕಾಲುವೆಯ ನೀರೆತ್ತುವ ಡೀಸೆಲ್ ಇಂಜಿನ್, ರೈಸ್ ಮಿಲ್ಲಿನ ಮೋಟರು, ಟ್ರ್ಯಾಕ್ಟರು. ಮೂರೂ ಕಾಯುತ್ತವೆ. ಕಾದಾಗ ನಿಲ್ಲಿಸಬೇಕು, ಆರಿದ ಮೇಲೆ ಮತ್ತೆ ಚಾಲೂ ಮಾಡಬೇಕು. ನಿಲ್ಲಿಸಿದರೇ ಸಾಯುವ ಯಂತ್ರವೂ ಒಂದಿದೆ ಎಂದು ಯಾರಾದರೂ ಹೇಳಿದ್ದರೆ ಅವರನ್ನು ನೋಡಿ ನಾನೇ ನಗುತ್ತಿದ್ದೆ.

ತೊಂಬತ್ತರ ದಶಕ ಅರ್ಧ ಕಳೆದಿತ್ತು. ಸಿಂಧನೂರು ಬಸ್‌ಸ್ಟ್ಯಾಂಡಿನ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಟೈಪಿಂಗ್ ಶಾಲೆ ಇತ್ತು. ಸಾಲಗುಂದದಿಂದ ಬಸ್ಸು ಹಿಡಿದು ಅಲ್ಲಿಗೆ ಟೈಪಿಂಗ್ ಕಲಿಯಲು ಬಂದವಳು ನಾನು. ಕಲಿತ ಮೇಲೆ ಅಲ್ಲೇ ಕಲಿಸಲು ನಿಂತೆ. ಶಾಲೆಯ ಮಾಸ್ತರರು ಮಸ್ಕಿಯವರು. ದಿನಾ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮನೆಯಲ್ಲಿ ದಖ್ಖನಿ ಮಾತು, ನಮ್ಮೊಂದಿಗೆ ಕನ್ನಡ. ಹುಡುಗರಿರಲಿ ಹುಡುಗಿಯರಿರಲಿ ಎಲ್ಲರೂ ಅವರಿಗೆ ‘ಬೇಟಾ’. ಸಿಟ್ಟು ಬಂದಾಗ ಮಾತ್ರ ‘ಏನ್ರೀ ಮೇಡಂ’ ಎನ್ನುತ್ತಿದ್ದರು. ಹಾಗಂದ ದಿನ ನಾನು ಬಾಯಿ ಬಿಡುತ್ತಿರಲಿಲ್ಲ. ಬಾಯಿ ಬಿಡದಿರುವುದು ನನಗೆ ಎಷ್ಟು ಕಷ್ಟ ಎಂದು ನನ್ನ ಅವ್ವನನ್ನು ಕೇಳಬೇಕು.

ಒಂದು ದಿನ ಮಾಸ್ತರರು ಎಲ್ಲಿಂದಲೋ ಹಳೆಯ ಕಂಪ್ಯೂಟರೊಂದನ್ನು ತಂದು ಮೂಲೆಯಲ್ಲಿ ಕೂರಿಸಿದರು. ಅದನ್ನು ಕಲಿತು ಬರಲು ನನ್ನನ್ನು ಲಿಂಗಸುಗೂರಿಗೆ ಮೂರು ತಿಂಗಳು ಕಳಿಸಿದರು. ಅಲ್ಲಿ ಕಲಿಸುತ್ತಿದ್ದವನು ನನಗಿಂತ ಎರಡು ವರ್ಷ ದೊಡ್ಡವನಿರಬೇಕು, ತೆಳ್ಳಗಿನ ಆಸಾಮಿ, ಎರಡನೇ ಸಲ ಏನನ್ನೂ ಹೇಳುತ್ತಿರಲಿಲ್ಲ. ಆಗಿನ ಕಂಪ್ಯೂಟರಿನಲ್ಲಿ ಚಿತ್ರ ಒತ್ತುವುದು ಗಿತ್ತುವುದು ಇರಲಿಲ್ಲ. ಕಪ್ಪು ಪರದೆ, ಅದರ ಮೇಲೆ ಮಿಣಕ್ ಮಿಣಕ್ ಅನ್ನುವ ಒಂದು ಗೆರೆ. ಏನು ಬೇಕೋ ಅದನ್ನು ಅಕ್ಷರದಲ್ಲಿ ಬರೆದು ಎಂಟರ್ ಒತ್ತಬೇಕು. ಆ ಬರೆಯುವುದಕ್ಕೆ ಕಮಾಂಡ್ ಎಂದು ಹೆಸರು. ಹೊರಡುವ ದಿನ ಅವನು ನನ್ನ ಕೈಗೆ ಒಂದು ಫ್ಲಾಪಿ ಕೊಟ್ಟ. ಅದರಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಇತ್ತು. ಹಾರ್ಡ್ ಡಿಸ್ಕನ್ನು ಮಲಗಿಸುವುದು, ಎಬ್ಬಿಸುವುದು ಅದರ ಕೆಲಸ.

ಲೆಕ್ಕ ಸುಲಭವಿತ್ತು. ಪ್ರೋಗ್ರಾಮಿನ ಹೆಸರು ಬರೆದು ಮುಂದೆ ಹತ್ತು ಎಂದು ಬರೆದರೆ, ಹತ್ತು ನಿಮಿಷ ಯಾರೂ ಕೆಲಸ ಹೇಳದಿದ್ದಾಗ ಡಿಸ್ಕಿನೊಳಗಿನ ತಟ್ಟೆ ತಿರುಗುವುದನ್ನು ನಿಲ್ಲಿಸುತ್ತದೆ. ಕೆಲಸ ಹೇಳಿದ ಕೂಡಲೇ ಎಚ್ಚರಾಗಿ ಮತ್ತೆ ತಿರುಗುತ್ತದೆ. ಸೊನ್ನೆ ಬರೆದರೆ ಮಲಗುವ ಮಾತೇ ಇಲ್ಲ. ಇನ್ನೊಂದು ಬಗೆಯ ನಿದ್ದೆಯೂ ಇತ್ತು, ಗಾಢ ನಿದ್ದೆ. ಅದಕ್ಕೆ ಹಾಕಿದರೆ ಕಂಪ್ಯೂಟರನ್ನೇ ಹೊಸದಾಗಿ ಶುರು ಮಾಡುವವರೆಗೂ ಡಿಸ್ಕು ಏಳುವುದಿಲ್ಲ. ಕರೆಂಟು ಹೋದಾಗ ಕಂಪ್ಯೂಟರನ್ನು ನಡೆಸುವ ಬ್ಯಾಟರಿ ಸ್ವಲ್ಪ ಉಳಿಯುತ್ತದೆ ಎಂದು ಅವನು ಈ ಪ್ರೋಗ್ರಾಮ್ ಕೊಟ್ಟಿದ್ದ. ಕಾಲುವೆಗೆ ನೀರು ಬಿಟ್ಟಾಗ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಲೇ ಎದ್ದು, ನಮ್ಮ ಕಡೆ ಕರೆಂಟು ಇರುವ ಹೊತ್ತಿಗಿಂತ ಇಲ್ಲದ ಹೊತ್ತೇ ಹೆಚ್ಚಾಗುತ್ತಿತ್ತು.

ಸಿಂಧನೂರಿಗೆ ಬಂದವಳೇ, ಕಂಪ್ಯೂಟರ್ ಶುರುವಾದಾಗ ತಾನಾಗಿ ನಡೆಯುವ ಕಮಾಂಡುಗಳ ಪಟ್ಟಿಯಲ್ಲಿ ಅದನ್ನೂ ಸೇರಿಸಿದೆ. ಆಹಾ, ನನ್ನ ಜಂಬವೇನು! ಯಾರು ಬಂದರೂ ಕೂರಿಸಿ ತೋರಿಸುತ್ತಿದ್ದೆ. ಕೊಂಯ್ ಎನ್ನುತ್ತಿದ್ದ ಸದ್ದು ಹತ್ತು ನಿಮಿಷಕ್ಕೆ ಇಳಿದು ಇಳಿದು ನಿಲ್ಲುತ್ತಿತ್ತು. “ಮಲಗಿತು ನೋಡ್ರಿ,” ಎನ್ನುತ್ತಿದ್ದೆ. ಫೈಲು ಕೇಳಿದರೆ ಎದ್ದು ಮತ್ತೆ ಕೊಂಯ್. “ಎದ್ದಿತು ನೋಡ್ರಿ!” ಕೆಳಗಿನ ಗೊಬ್ಬರದ ಅಂಗಡಿಯವರು ಇದನ್ನು ನೋಡಲೆಂದೇ ಮೂರು ಸಲ ಮೇಲೆ ಹತ್ತಿ ಬಂದಿದ್ದರು.

ಮಾಸ್ತರರಿಗೆ ಇದು ಬಹಳ ಹಿಡಿಸಿತು. ಅವರ ಮನೆಯಲ್ಲೂ ಒಂದು ಜೋಡಿ ಎತ್ತು ಇದ್ದವು. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ, ಎತ್ತಿಗೆ ಆರಾಮದ ದಿನ. ಹಿಂದೂಗಳ ಮನೆಯಾದರೇನು, ಸಾಬರ ಮನೆಯಾದರೇನು, ಹೊಲ ಇದ್ದವರೆಲ್ಲ ಇದನ್ನು ಪಾಲಿಸುತ್ತಿದ್ದರು. ಒಂದು ಸೋಮವಾರ ಬೆಳಿಗ್ಗೆ ಮಾಸ್ತರರು ಕಂಪ್ಯೂಟರಿನ ಮುಂದೆ ನಿಂತು ಹೇಳಿದರು:

“ಬೇಟಾ, ಎತ್ತಿಗೆ ಸೋಮಾರ ಬಿಡ್ತೀವಿ. ಇದೇನು ಪಾಪ ಮಾಡೈತಿ? ವಾರಪೂರ್ತಿ ಗರಾಗರಾ ತಿರಗತೈತಿ. ಇವತ್ತೊಂದಿನ ಮಲಗಿಸಿಬಿಡು.”

“ಹುಡುಗ್ರು ಬಂದಾರಲ್ರೀ ಸರ್, ಅವ್ರಿಗೆ ಪಾಠ?”

“ಪಾಠ ನಡೀಲಿ. ಡಿಸ್ಕು ಮಲಗಲಿ. ನೀ ಜಾಣಿ ಅದೀಯಲ್ಲ, ಏನರ ಮಾಡು.”

ಜಾಣಿ ಎಂದರೆ ಸಾಕಿತ್ತು, ಮಾಡಿಯೇ ಬಿಟ್ಟೆ. ಬೆಳಿಗ್ಗೆ ಬಂದ ಕೂಡಲೇ ಟೈಪಿಂಗ್ ಪಾಠದ ಪ್ರೋಗ್ರಾಮನ್ನು ತೆರೆಯುವುದು. ಅದು ಪೂರ್ತಿ ಮೆಮೊರಿಗೆ ಬಂದು ಕೂತ ಮೇಲೆ ಡಿಸ್ಕನ್ನು ಗಾಢ ನಿದ್ದೆಗೆ ಹಾಕುವುದು. ಸಂಜೆಯವರೆಗೆ ಹುಡುಗರು ಟೈಪ್ ಮಾಡುತ್ತಲೇ ಇರುತ್ತಿದ್ದರು, ಡಿಸ್ಕು ಮಾತ್ರ ಮಿಸುಕುತ್ತಿರಲಿಲ್ಲ. ಯಾರಾದರೂ ತಪ್ಪಿ ಬೇರೆ ಕೀಲಿ ಒತ್ತಿದರೆ ಪರದೆ ಹಾಗೇ ಗಟ್ಟಿಯಾಗಿ ನಿಂತುಬಿಡುತ್ತಿತ್ತು. ಆಗ ಮಾಸ್ತರರು, “ಲೇ, ಸೋಮಾರ ಎತ್ತಿನ ಮೈ ಮುಟ್ಟಬ್ಯಾಡ್ರಿ ಅಂದಿಲ್ಲೇನು!” ಎಂದು ಗದರುತ್ತಿದ್ದರು. ಹೀಗೆ ಎರಡು ವರ್ಷ ನಡೆಯಿತು. ಹಾರ್ಡ್ ಡಿಸ್ಕಿಗೆ ಸೋಮವಾರ ರಜೆ ಕೊಟ್ಟವರು ನಾವಲ್ಲದೆ ಬೇರೆ ಯಾರೂ ಇರಲಾರರು.

ನರ್ಸಮ್ಮ ಬಂದದ್ದು ಆ ಎರಡನೇ ವರ್ಷ. ಬಳಗಾನೂರಿನ ಸುತ್ತಲ ಹಳ್ಳಿಗಳಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆರಿಗೆ ಮಾಡಿಸಿದ ಹೆಂಗಸು. ಗಟ್ಟಿ ಮೈಕಟ್ಟು, ದೊಡ್ಡ ಕುಂಕುಮ, ಅದಕ್ಕಿಂತ ದೊಡ್ಡ ದನಿ. ತಾನು ಹಿಡಿದ ಪ್ರತಿ ಕೂಸನ್ನೂ ಆಕೆ ತನ್ನ ಸ್ವಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು: ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಮನೆ, ಗಂಡೋ ಹೆಣ್ಣೋ. ವರ್ಷಕ್ಕೊಂದು ನೋಟ್‌ಬುಕ್ಕು. ಮನೆಯಲ್ಲಿ ಹುಟ್ಟಿದ ಕೂಸನ್ನು ಬರೆಸಲು ಆಗ ಯಾರು ಹೋಗುತ್ತಿದ್ದರು? ಗದ್ದೆಯ ಕೂಲಿಗೆ ಹೋಗುವ ತಾಯಿಗೆ, ಕುರಿಯ ಹಿಂದೆ ಊರೂರು ಅಲೆಯುವ ತಂದೆಗೆ ನೆನಪಿರುತ್ತಿದ್ದದ್ದು ಜೋಳ ಕೊಯ್ಯುವ ಮುಂಚೆ, ನಾಟಿ ಮುಗಿದ ಮೇಲೆ, ಅಷ್ಟೇ. ಶಾಲೆಗೆ ಸೇರಿಸುವಾಗ ಎಲ್ಲರದೂ ಜೂನ್ ಒಂದನೇ ತಾರೀಖು. ನನ್ನದೂ ಜೂನ್ ಒಂದೇ. ನಾನು ಹುಟ್ಟಿದ್ದು ಚಳಿಗಾಲದಲ್ಲಿ ಎಂದು ಅವ್ವ ಈಗಲೂ ಹೇಳುತ್ತಾಳೆ.

“ನಾ ಜನವರಿ ಕಡೀಕ ರಿಟೈರ್ ಆಗಾಕತ್ತೀನಿ ಬೇ,” ಎಂದಳು ನರ್ಸಮ್ಮ. “ಆಮ್ಯಾಲೆ ತಂಗಿ ಊರಿಗೆ ಹೋಗ್ತೀನಿ. ನಾ ಹೋದೆ ಅಂದ್ರ ಈ ಮಕ್ಕಳು ಹುಟ್ಟಿದ ದಿನ ಯಾರ ಹತ್ರ ಕೇಳಬೇಕು? ನನ್ನ ಅಕ್ಷರ ನನಗ ಒಬ್ಬಾಕಿಗೇ ತಿಳೀತಾವು. ನೀ ಟೈಪ್ ಮಾಡಿ ಒಂದು ಬುಕ್ ಮಾಡಿಕೊಡು. ಬಳಗಾನೂರ ಸಾಲ್ಯಾಗ ಇಟ್ಟು ಹೋಗ್ತೀನಿ.”

ಭಾನುವಾರ ಭಾನುವಾರ ಬಸ್ಸಿಗೆ ಬಂದು ನನ್ನ ಪಕ್ಕ ಕೂತು ಓದುತ್ತಿದ್ದಳು, ನಾನು ಟೈಪ್ ಮಾಡುತ್ತಿದ್ದೆ. ಓದುತ್ತ ಓದುತ್ತ ಸುಮ್ಮನೆ ಓದುವವಳಲ್ಲ. “ಇವ್ನು ನೋಡು, ಕಾಲು ಮುಂದ ಮಾಡಿ ಬಂದಾನ. ಈಗ ಟ್ರ್ಯಾಕ್ಟರ್ ಹೊಡೀತಾನ, ನನ್ನ ನೋಡಿದ್ರ ಇಳಿದು ನಿಂದರತಾನ.” “ಇಕೀದು ನಾಟಿ ಗದ್ದ್ಯಾಗೇ ಆತು, ಬದುವಿನ ಮ್ಯಾಲೆ.” ಹೀಗೆ. ನಡುವೆ ತಿನ್ನಲು ಮಂಡಾಳು ಒಗ್ಗರಣಿ, ಮಿರ್ಚಿ ತರಿಸುವಳು. ಅಷ್ಟು ಮಕ್ಕಳ ಹುಟ್ಟನ್ನು ಟೈಪ್ ಮಾಡಿದ ಮೇಲೆ ಬಸ್ಸಿನಲ್ಲಿ ಬಳಗಾನೂರಿನ ಹುಡುಗರನ್ನು ಕಂಡರೆ ನನಗೂ ಏನೋ ಅಧಿಕಾರ ಬಂದಂತೆ ಆಗುತ್ತಿತ್ತು.

ಟೈಪ್ ಮುಗಿದ ನೋಟ್‌ಬುಕ್ಕುಗಳನ್ನು ನಾನೇ ಒಂದು ರಟ್ಟಿನ ಡಬ್ಬಿಗೆ ಹಾಕಿ ಗೋಡೆಯ ಪಕ್ಕ ಇಟ್ಟಿದ್ದೆ. ಒಂದು ದಿನ ತೆಗೆದು ನೋಡಿದರೆ ಮೇಲೆ ರಟ್ಟು ರಟ್ಟಿನಂತೆಯೇ ಇದೆ, ಒಳಗೆ ಬರೀ ಮಣ್ಣು. ಗೆದ್ದಲು. ಇಪ್ಪತ್ತು ವರ್ಷದ ಬರಹವನ್ನು ತಿಂದು ಮುಗಿಸಿದ್ದವು. ಮುಂದಿನ ಭಾನುವಾರ ನರ್ಸಮ್ಮನ ಮುಂದೆ ಹೇಗೆ ಬಾಯಿ ತೆರೆದೆನೋ ಆ ದೇವರಿಗೇ ಗೊತ್ತು. ಆಕೆ ಡಬ್ಬಿಯಲ್ಲಿ ಕೈ ಹಾಕಿ ಒಂದು ಹಿಡಿ ಮಣ್ಣು ಎತ್ತಿ ನೋಡಿದಳು, ಮತ್ತೆ ಅದರಲ್ಲೇ ಬಿಟ್ಟಳು.

“ಹೋಗ್ಲಿ ಬಿಡು. ಇದರಾಗ ಅದಾವಲ್ಲ?” ಎಂದು ಕಂಪ್ಯೂಟರ್ ತೋರಿಸಿದಳು.

“ಅದಾವ್ರಿ ಅಕ್ಕಾರ. ಎಲ್ಲಾ ಅದಾವು.”

ಎಲ್ಲಾ ಇದ್ದವು, ನಿಜ. ಆದರೆ ಅದರಲ್ಲಿ ಮಾತ್ರ ಇದ್ದವು. ಫ್ಲಾಪಿಗೆ ಇನ್ನೊಂದು ಪ್ರತಿ ತೆಗೆಯೋಣವೆಂದರೆ ಫ್ಲಾಪಿ ಹಾಕುವ ಡ್ರೈವು ಕೆಟ್ಟು ರಾಯಚೂರಿಗೆ ರಿಪೇರಿಗೆ ಹೋಗಿತ್ತು. ಕಾಗದದ ಮೇಲೆ ತೆಗೆಯೋಣವೆಂದರೆ, ನರ್ಸಮ್ಮ ಹೋಗುವ ಮುಂಚೆ ಒಟ್ಟಿಗೆ ತೆಗೆದರಾಯಿತು, ಏನವಸರ ಎಂದುಕೊಂಡೆ. ನಾಳೆ ನಾಳೆ ಎನ್ನುವುದರಲ್ಲಿ ನನ್ನಂಥವಳು ಇನ್ನೊಬ್ಬಳಿಲ್ಲ.

ಅಷ್ಟರಲ್ಲಿ ಡಿಸ್ಕು ಏಳಲು ತಡಮಾಡತೊಡಗಿತು. ಮೊದಲು ಎರಡು ಮೂರು ಕ್ಷಣದಲ್ಲಿ ಏಳುತ್ತಿದ್ದದ್ದು ಈಗ ಮುಲುಕುತ್ತಿತ್ತು, ಟಿಕ್ ಎನ್ನುತ್ತಿತ್ತು, ಸುಮ್ಮನಾಗುತ್ತಿತ್ತು, ಆಮೇಲೆ ತಿರುಗುತ್ತಿತ್ತು. ಮಾಸ್ತರರು ಪೆಟ್ಟಿಗೆಯ ಮೇಲೆ ಕೈಯಿಟ್ಟು, “ದಣದೈತಿ ಬೇಟಾ, ವಯಸ್ಸಾಗೈತಿ. ಇನ್ನೂ ಸ್ವಲ್ಪ ಆರಾಮ ಕೊಡು,” ಎಂದರು. ನನಗೂ ಹಾಗೇ ಅನ್ನಿಸಿತ್ತು. ಹತ್ತು ಎಂದಿದ್ದ ಅಂಕಿಯನ್ನು ಮೂರಕ್ಕೆ ಇಳಿಸಿದೆ. ಮೂರು ನಿಮಿಷ ಯಾರೂ ಮಾತನಾಡಿಸದಿದ್ದರೆ ಮಲಗಲಿ. ಅಮಾವಾಸ್ಯೆಗೂ ರಜೆ ಕೊಟ್ಟೆವು. ಅದು ಇನ್ನಷ್ಟು ಮುಲುಕಿತು. ನಾವು ಇನ್ನಷ್ಟು ಮರುಗಿದೆವು. ಈಗ ನೆನೆಸಿಕೊಂಡರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಜನವರಿಯ ಒಂದು ಮಂಗಳವಾರ, ಸೋಮವಾರದ ರಜೆ ಮುಗಿಸಿದ ಡಿಸ್ಕು ಏಳಲೇ ಇಲ್ಲ. ಬೆಳಗಿನ ಚಳಿ ಇತ್ತು. ಗುಂಡಿ ಒತ್ತಿದೆ. ಒಳಗೆ ಸೊಳ್ಳೆ ಅಂದಂತೆ ಒಂದು ಸಣ್ಣ ಸದ್ದು, ಆಮೇಲೆ ಟಿಕ್, ಆಮೇಲೆ ಏನೂ ಇಲ್ಲ. ಮತ್ತೆ ಒತ್ತಿದೆ. ಮತ್ತೆ ಅದೇ. ನರ್ಸಮ್ಮ ಊರು ಬಿಡುವುದಕ್ಕೆ ಹನ್ನೊಂದು ದಿನ ಉಳಿದಿತ್ತು. ಇಪ್ಪತ್ತು ವರ್ಷದ ಕೂಸುಗಳೆಲ್ಲ ಆ ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದಿದ್ದವು. ನನಗೆ ಅಳು ಬಂತು. ಅತ್ತೆ. ಹುಡುಗರ ಎದುರಿಗೇ ಅತ್ತೆ, ಏನು ಮುಚ್ಚುಮರೆ.

ಪೆಟ್ಟಿಗೆ ಬಿಚ್ಚುವ ಧೈರ್ಯ ಆಗಲಿಲ್ಲ. ಬರಿಗೈಯಲ್ಲೇ ಲಿಂಗಸುಗೂರಿನ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಎಲ್ಲರೂ ಇಳಿದರು, ನಾನು ಇಳಿಯಲಿಲ್ಲ. ಆ ತೆಳ್ಳಗಿನ ಗುರು ನನ್ನ ಮಾತನ್ನು ಪೂರ್ತಿ ಕೇಳಿದ. ಸೋಮವಾರದ ಕಥೆ ಬಂದಾಗ ಪೆನ್ನು ಕೆಳಗಿಟ್ಟ.

“ರಜಾ ಕೊಟ್ರ್ಯಾ? ಡಿಸ್ಕಿಗೆ?”

“ಹೂಂ ರೀ.”

“ಅಲ್ರೀ, ಅದಕ್ಕ ದಣಿವು ಆಗತೈತಿ ಅಂತ ಯಾರು ಹೇಳಿದ್ರು ನಿಮಗ? ಒಳಗ ತಾಟು ತಿರಗತೈತಿ. ಓದೂ ಮುಳ್ಳು ಅದರ ಮ್ಯಾಲೆ ತೇಲತೈತಿ, ಮುಟ್ಟಂಗಿಲ್ಲ. ತಾಟು ನಿಂತಾಗ ಮುಳ್ಳು ತಾಟಿನ ಮ್ಯಾಲೆ ಕುಂದರತೈತಿ. ಹೊಸಾದಿದ್ದಾಗ ನಡೀತೈತಿ. ಹಳೇದಾದ್ರ ಅಲ್ಲೇ ಅಂಟಿಕೊಂತೈತಿ. ತಿರಗೂದ್ರಿಂದ ಸವೆಯಂಗಿಲ್ಲ ಅದು, ನಿಂದ್ರಿಸಿ ನಿಂದ್ರಿಸಿ ಎಬ್ಬಸೂದ್ರಿಂದ ಸವೀತೈತಿ. ಮೂರು ನಿಮಿಷಕ್ಕೊಮ್ಮೆ ಮಲಗಿಸೀರಿ. ಅಬ್ಬಬ್ಬಾ!”

ನಾನು ತಲೆ ತಗ್ಗಿಸಿ ಕೂತೆ. ಅವನಿಗೂ ಪಾಪ ಅನ್ನಿಸಿರಬೇಕು, ಮೊದಲ ಸಲ ಒಂದು ಮಾತನ್ನು ಎರಡು ಸಲ ಹೇಳಿದ. ಡಿಸ್ಕನ್ನು ಬಿಚ್ಚಿ, ಬೆಚ್ಚಗೆ ಮಾಡಿ, ಗುಂಡಿ ಒತ್ತಿದ ಕೂಡಲೇ ಬೀಗದ ಕೈ ತಿರುಗಿಸಿದಂತೆ ಮಣಿಕಟ್ಟಿನಿಂದ ಒಮ್ಮೆ ಗಿರಕ್ ಎಂದು ತಿರುಗಿಸಬೇಕು. ಅದೃಷ್ಟ ಇದ್ದರೆ ಏಳುತ್ತದೆ. ಎದ್ದ ಮೇಲೆ ಮೊದಲ ಕೆಲಸ, ಕಮಾಂಡಿನ ಮುಂದೆ ಸೊನ್ನೆ. “ಒಮ್ಮೆ ನಿಂತ್ರ ಮತ್ತ ಏಳಂಗಿಲ್ಲ ಅಂತ ತಿಳ್ಕೋರಿ. ಭಾನುವಾರ ನಾ ಇನ್ನೊಂದು ಡಿಸ್ಕ್ ತಗೊಂಡು ಬರ್ತೀನಿ. ಅಲ್ಲೀತನಕ ನಡೆಸೂದು ನಿಮ್ಮ ಕರೆಂಟಿನ ಕೈಯಾಗ ಐತಿ. ಅದನ್ನ ನಂಬಬ್ಯಾಡ್ರಿ, ಎದ್ದ ಕೂಡಲೇ ಪ್ರಿಂಟ್ ತಗೀರಿ.”

ಬುಧವಾರ ಬೆಳಿಗ್ಗೆ ನರ್ಸಮ್ಮನನ್ನು ಕರೆಸಿದೆವು. ಎಲ್ಲವನ್ನೂ ಹೇಳಿದೆ, ನನ್ನ ಹತ್ತು, ನನ್ನ ಮೂರು, ನಮ್ಮ ಸೋಮವಾರ. ಮಾಸ್ತರರು ನಡುವೆ ಬಾಯಿ ಹಾಕಿ, “ತಪ್ಪು ನಂದು ಸಿಸ್ಟರ್. ನಾನ ಹೇಳಿದ್ದು ಮಲಗಿಸು ಅಂತ,” ಎಂದರು. ನರ್ಸಮ್ಮ ನಮ್ಮಿಬ್ಬರನ್ನೂ ನೋಡಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಪಾಪ ಅಂತ ಮಾಡೀರಿ. ಅದಕ್ಕ ಏನಂತ ಬೈಲಿ?” ಎಂದಳು. “ತಾ ಇಲ್ಲಿ ಅದನ್ನ.”

ಸ್ಕ್ರೂ ಬಿಚ್ಚಿ ಡಿಸ್ಕನ್ನು ವೈರಿನ ಸಮೇತ ಹೊರಗೆ ತೆಗೆದು ಆಕೆಯ ಕೈಗೆ ಕೊಟ್ಟೆ. ಆಕೆ ಅದನ್ನು ಸೆರಗಿನಲ್ಲಿ ಸುತ್ತಿ ಎರಡೂ ಅಂಗೈಯ ನಡುವೆ ಹಿಡಿದು ಕೂತಳು. ಹಾಗೇ ಕಾಲು ಗಂಟೆ ಹಿಡಿದಿದ್ದಳು. ಕೆಳಗೆ ಅಂಗಡಿಯಲ್ಲಿ ಗೊಬ್ಬರದ ಚೀಲ ಎತ್ತಿ ಹಾಕುವ ಸದ್ದು ಕೇಳುತ್ತಿತ್ತು. ನಾನು ಗುಂಡಿಯ ಮೇಲೆ ಬೆರಳಿಟ್ಟು ನಿಂತಿದ್ದೆ. ತಿರುಗಿಸುವುದು ಹೇಗೆಂದು ತೋರಿಸಹೋದರೆ, “ಕಲಸಬ್ಯಾಡ ನನಗ. ಇದಕ್ಕಿಂತ ಮೊಂಡು ಕೂಸು ನೋಡೀನಿ,” ಎಂದಳು. ನಾನು ಒತ್ತಿದೆ. ಆಕೆಯ ಮಣಿಕಟ್ಟು ಒಮ್ಮೆ ಹೊರಳಿತು.

ಕೊಂಯ್ ಎಂದಿತು. ಏರಿತು, ಏರಿತು, ಆಮೇಲೆ ಆ ಸದ್ದು ಒಂದೇ ಸಮನೆ ಕೇಳತೊಡಗಿತು. ಮಾಸ್ತರರು “ಯಾ ಅಲ್ಲಾ” ಎಂದು ಕುರ್ಚಿಯಲ್ಲಿ ಕುಸಿದರು. ನಾನು ಪ್ರೋಗ್ರಾಮಿನ ಹೆಸರು ಬರೆದು ಸೊನ್ನೆ ಬರೆದು ಎಂಟರ್ ಒತ್ತಿದೆ. ಇನ್ನು ಮಲಗುವಂತಿಲ್ಲ.

ಪ್ರಿಂಟರು ಕಿರ್ರ್ ಕಿರ್ರ್ ಎಂದು ಗೆರೆಗೆರೆಯಾಗಿ ಬರೆಯುವ ಜಾತಿಯದು, ಎತ್ತಿನಗಾಡಿಯಷ್ಟು ನಿಧಾನ. ಹಳೆಯ ವರ್ಷದಿಂದ ಶುರು ಮಾಡಿದೆವು. ಮಾಸ್ತರರು ಕಾಗದದ ಎರಡೂ ಅಂಚಿನ ತೂತಿನ ಪಟ್ಟಿಯನ್ನು ಹರಿದು ಹಾಳೆ ಜೋಡಿಸುತ್ತಿದ್ದರು. ನರ್ಸಮ್ಮ ಡಿಸ್ಕಿನ ಪಕ್ಕ ಕೂತಿದ್ದಳು, ಯಾರನ್ನೂ ಹತ್ತಿರ ಬಿಡದೆ. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ವರ್ಷ ಹೊರಗೆ ಬಂದಿದ್ದವು. ಆಗ ಕರೆಂಟು ಹೋಯಿತು.

ಬ್ಯಾಟರಿ ಹಿಡಿದುಕೊಂಡಿತು. ಆದರೆ ಎಷ್ಟು ಹೊತ್ತು? ಆ ಹಳೆಯ ಬ್ಯಾಟರಿ ಪ್ರಿಂಟರನ್ನೂ ಹೊತ್ತುಕೊಂಡು ಅರ್ಧ ಗಂಟೆ ನಡೆದರೆ ದೊಡ್ಡದು. ಉಳಿದದ್ದು ಈಚಿನ ಏಳು ವರ್ಷ. ಮತ್ತೆ ಇನ್ನೊಂದು ಫೈಲು.

ಆ ಫೈಲಿನ ಮಾತನ್ನು ನಾನು ಇಲ್ಲಿಯವರೆಗೆ ಎತ್ತಲಿಲ್ಲ. ಉಳಿಯದ ಕೂಸುಗಳನ್ನು ನರ್ಸಮ್ಮ ಬೇರೆಯಾಗಿ ಬರೆದಿಟ್ಟಿದ್ದಳು, ತೆಳ್ಳಗಿನ ಒಂದೇ ನೋಟ್‌ಬುಕ್ಕಿನಲ್ಲಿ, ಎಲ್ಲ ವರ್ಷದವೂ ಒಟ್ಟಿಗೆ. ಅದೂ ಗೆದ್ದಲಿನ ಪಾಲಾಗಿತ್ತು. ಅದನ್ನು ಓದುವ ಭಾನುವಾರ ಮಾತ್ರ ಆಕೆ ನಡುವೆ ಏನನ್ನೂ ಹೇಳಿರಲಿಲ್ಲ. ಅವುಗಳಿಗೆ ಹೆಸರೂ ಇರಲಿಲ್ಲ, ತಾಯಿಯ ತವರುಮನೆ ಯಾವುದು ಎಂದಷ್ಟೇ ಇತ್ತು. ನಾನು ಲೆಕ್ಕ ಹಾಕುವವಳಂತೆ ಹೇಳಿದೆ:

“ಅಕ್ಕಾರ, ಆ ಫೈಲ್ ಬಿಟ್ಟುಬಿಡೂನ್ರಿ. ಬದುಕಿದವ್ರನ್ನ ಮದಲ ತಗಿತೀನಿ. ಅದನ್ನ ಕೇಳಾಕ ಯಾರು ಬರ್ತಾರ?”

“ಯಾರೂ ಬರಂಗಿಲ್ಲ,” ಎಂದಳು ನರ್ಸಮ್ಮ. “ಅದಕ್ಕ ಅದನ್ನ ಮದಲ ತಗಿ.”

“ಆದ್ರ ಹೊತ್ತು ಇಲ್ರಿ...”

“ಬದುಕಿದವ್ರಿಗೆ ಅವ್ರ ಅವ್ವ ಅದಾಳ ಬೇ, ಅಜ್ಜಿ ಅದಾಳ, ಹಿಂದ್ಮುಂದ ಮಾಡಿ ಏನರ ಹೇಳ್ತಾರ. ಈ ಕೂಸುಗೋಳು ಭೂಮಿಗೆ ಬಂದಿದ್ವು ಅನ್ನೂದು ಬ್ಯಾರೆ ಎಲ್ಲೂ ಬರದಿಲ್ಲ. ತಗಿ.”

ನನಗೆ ನಾಚಿಕೆಯಾಯಿತು. ಕಮಾಂಡ್ ಕೊಟ್ಟೆ. ಮೂರು ಹಾಳೆ ಬಂದವು. ಮಾಸ್ತರರು ಮೊದಲ ಹಾಳೆಯ ಒಂದು ಬದಿಯ ಪಟ್ಟಿಯನ್ನು ಹರಿದರು, ಇನ್ನೊಂದು ಬದಿಯದನ್ನು ಹರಿಯಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಸಿಸ್ಟರ್,” ಎಂದರು. “ಈ ನಾಲಬಂದರ ಮನಿ ಹಿರೇಮಗಳು ಅಂದ್ರ...”

ಬಳಗಾನೂರಿನಲ್ಲಿ ಎತ್ತಿಗೆ ನಾಲು ಹೊಡೆಯುವವರ ಮನೆ ಒಂದೇ ಇತ್ತು. ಅದು ಮಾಸ್ತರರ ಮಾವನ ಮನೆ ಎಂದು ನನಗೆ ಆಗಲೇ ಗೊತ್ತಾದದ್ದು. ಮಾಸ್ತರರಿಗೆ ಮಕ್ಕಳಿರಲಿಲ್ಲ. ಅದನ್ನು ನಾವು ಎಂದೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

“ಹೌದ್ರಿ. ನಿಮ್ಮ ಮನಿಯಾಕಿ,” ಎಂದಳು ನರ್ಸಮ್ಮ.

“ಸತ್ತು ಹುಟ್ಟಿತ್ತು ಅಂದಿದ್ರು ನನಗ. ನಾ ಮಸ್ಕಿಯಿಂದ ಹೋಗೂದ್ರಾಗ ಎಲ್ಲಾ ಮುಗಿದಿತ್ತು.” ಹಾಳೆಯ ಮೇಲೆ ಬೆರಳಿಟ್ಟರು. “ಇಲ್ಲಿ ಅತ್ತಿತು ಅಂತ ಐತಿ.”

“ಅತ್ತಿತ್ತು. ಮಧ್ಯಾಹ್ನದತನಕ ಇತ್ತು.”

ಬ್ಯಾಟರಿ ಕೀಂವ್ ಕೀಂವ್ ಎನ್ನತೊಡಗಿತು. ಇನ್ನು ಐದಾರು ನಿಮಿಷ. ಏಳು ವರ್ಷ ಬಾಕಿ ಇವೆ ಎಂದು ನಾನು ಹೇಳಬೇಕೆಂದಿದ್ದೆ, ಹೇಳಲಾಗಲಿಲ್ಲ. ಮಾಸ್ತರರು ನನ್ನ ಕಡೆ ತಿರುಗಿದರು. ಅವರ ಆ ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ.

“ಬೇಟಾ, ಈ ಹಾಳಿ ಇನ್ನೊಂದು ಸಿಗ್ತೈತೇನು? ಇದು ಸಿಸ್ಟರ್ ಬುಕ್ಕಿಂದು. ನನಗೊಂದು...”

ನಾನು ನರ್ಸಮ್ಮನನ್ನು ನೋಡಿದೆ. ಆಕೆ ತಲೆಯಾಡಿಸಿದಳು, ಒಂದು ಕ್ಷಣವೂ ತಡಮಾಡದೆ. ಆ ಹಾಳೆಯನ್ನು ಮತ್ತೆ ತೆಗೆದೆ. ಆಮೇಲೆ ಈಚಿನ ವರ್ಷಗಳಲ್ಲಿ ಒಂದನ್ನು ತೆರೆದು ಪ್ರಿಂಟ್ ಕೊಟ್ಟೆ. ಅದರ ಅರ್ಧ ಹಾಳೆ ಬರುವಷ್ಟರಲ್ಲಿ ಪರದೆ ಕಪ್ಪಾಯಿತು. ಡಿಸ್ಕಿನ ಸದ್ದು ಇಳಿಯುತ್ತ ಹೋಯಿತು. ಅದು ಇಳಿಯುವುದನ್ನು ನಾನು ಹಿಂದೆ ಸಾವಿರ ಸಲ ಕೇಳಿದ್ದೆ, ಜಂಬದಿಂದ ಜನರನ್ನು ಕರೆದು ಕೇಳಿಸಿದ್ದೆ. ಈ ಸಲ ಮೂವರೂ ಅದನ್ನು ಕೊನೆಯವರೆಗೆ ಕೇಳಿದೆವು.

ಸಂಜೆ ಕರೆಂಟು ಬಂತು. ನರ್ಸಮ್ಮ ಮತ್ತೆ ಬೆಚ್ಚಗೆ ಮಾಡಿದಳು, ಮತ್ತೆ ತಿರುಗಿಸಿದಳು. ಏಳಲಿಲ್ಲ. ಭಾನುವಾರ ಲಿಂಗಸುಗೂರಿನಿಂದ ಅವನು ಬಂದು ನೋಡಿದಾಗಲೂ ಏಳಲಿಲ್ಲ. ಈಚಿನ ಏಳು ವರ್ಷದ ಮಕ್ಕಳು ಹೋದರು. ಅವರಲ್ಲಿ ಎಷ್ಟೋ ಮಂದಿಗೆ ಆಮೇಲೆ ಜೂನ್ ಒಂದೇ ಗತಿಯಾಯಿತು. ಅದು ನನ್ನ ತಪ್ಪು. ಯಾವ ಊರಿನ ಬಸ್ಸಿನಲ್ಲಾದರೂ ಆ ವಯಸ್ಸಿನವರನ್ನು ಕಂಡರೆ ಈಗಲೂ ಕ್ಷಮೆ ಕೇಳಬೇಕು ಅನ್ನಿಸುತ್ತದೆ. ಉಳಿದದ್ದನ್ನು ದಾರ ಹಾಕಿ ಹೊಲಿಸಿ, ನರ್ಸಮ್ಮ ಬಳಗಾನೂರಿನ ಶಾಲೆಗೆ ಕೊಟ್ಟು ಹೋದಳು.

ಆದರೆ ಆ ಬುಧವಾರ ಸಂಜೆ, ಕರೆಂಟು ಬಂದು ಡಿಸ್ಕು ಏಳದೆ ಹೋದ ಮೇಲೆ, ಮಾಸ್ತರರು ನನ್ನನ್ನು ಕೇಳಿದರು: “ಮಸ್ಕೀತನಕ ಬರ್ತೀಯೇನು? ನಮ್ಮ ಮನಿಯಾಕಿಗೆ ಓದಾಕ ಬರಂಗಿಲ್ಲ. ನಾ ಓದಿದ್ರ ನನ್ನ ದನಿ ನಿಂದರಂಗಿಲ್ಲ.” ನರ್ಸಮ್ಮ ಬಳಗಾನೂರಿಗೆ ಹೋದಳು, ನಾನು ಮಾಸ್ತರರ ಜೊತೆ ಮಸ್ಕಿಯ ಬಸ್ಸು ಹತ್ತಿದೆ.

ಅವರ ಹೆಂಡತಿ ಎತ್ತಿಗೆ ಮೇವು ಹಾಕುತ್ತಿದ್ದರು. ಕೈ ತೊಳೆದು ಬಂದು, ಇಷ್ಟು ಹೊತ್ತಿನಲ್ಲಿ ನಾನೇಕೆ ಬಂದೆನೆಂದು ತಿಳಿಯದೆ ಚಾಪೆ ಹಾಸಿದರು. ನಾನು ಹಾಳೆ ಬಿಚ್ಚಿ ಆ ಒಂದೇ ಸಾಲನ್ನು ಓದಿದೆ: “ನಾಲಬಂದರ ಮನೆ ಹಿರೇಮಗಳು. ಹೆಣ್ಣು. ನಸುಕಿನಲ್ಲಿ ಹುಟ್ಟಿತು. ಕೂಡಲೇ ಅತ್ತಿತು, ಜೋರು. ಮಧ್ಯಾಹ್ನದವರೆಗೆ ಇತ್ತು.”

ಆಕೆ ನನ್ನನ್ನು ನೋಡಲಿಲ್ಲ, ಗಂಡನನ್ನು ನೋಡಿದರು.

“ಸತ್ತು ಹುಟ್ಟೈತಿ ಅಂತ ಹೇಳ್ರಿ ಅಂದಾಕಿ ನಾನ,” ಎಂದರು. “ಅರ್ಧ ದಿನ ಇತ್ತು, ನೀವು ಬರೂತನಕ ಇರಲಿಲ್ಲ ಅಂತ ತಿಳಿದಿದ್ರ ನಿಮ್ಮ ಜೀವ ಎಂದರ ಆರಾಮ ಇರತಿತ್ತೇನು? ಅದಕ್ಕ ಆ ಅಳು ನಾನೊಬ್ಬಾಕೀನ ಇಟ್ಕೊಂಡಿದ್ದೆ. ಹದಿನೆಂಟು ವರ್ಷ.”

ಮಾಸ್ತರರು ಚಾಪೆಯ ಮೇಲೆ ಆಕೆಯ ಪಕ್ಕ ಕೂತರು. ಆಕೆಯ ಕೈಗೆ ಅಂಟಿದ್ದ ಮೇವಿನ ಎಳೆಯನ್ನು ತೆಗೆದು ಹಾಕಿದರು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದರು:

“ಇನ್ನೊಮ್ಮೆ ಓದು ಬೇಟಾ. ಅತ್ತಿತು ಅನ್ನೂದನ್ನಷ್ಟ ಓದು.”

ನಾನು ಓದಿದೆ.